ತೊಗರಿ ಕಾಳಿನಷ್ಟು ಕಲೆ, ಇಷ್ಟೊಂದು ತೊಂದರೆ ಹೇಗೆ?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಅವಳಿಗೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತು. ತಲೆಸುತ್ತು, ನಡೆದರೆ ಒಂದು ಕಡೆ ವಾಲುವುದು, ಬಲಗೆನ್ನೆ ಜೋಮು. ಪಿತ್ತ ಇರಬೇಕು ಅಂತ ನಾಲ್ಕು ದಿನ ಸುಮ್ನೆ ಕಳೆದೆವು. ಎಂಆರ್‌ಐ ಮಾಡಿಸಿದಾಗ ಮಿದುಳಿನ ಕಾಂಡದ (ಬ್ರೇನ್‌ಸ್ಟೆಮ್) ಪಾನ್ಸ್ ಎಂಬ ಭಾಗದಲ್ಲಿ 6 ಮಿ.ಮೀ. ಲೀಶನ್ (ಕಲೆ), ಮಿದುಳಿನ ಬೇರೆ ಕಡೆ ಇನ್ನೂ ಏಳೆಂಟು ಎಂದು ಬಂತು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂದರು. ಐದು ದಿನ ಸ್ಟಿರಾಯ್ಡ್ ಕೊಟ್ಟ ಮೇಲೆ ಬಹಳ ಸುಧಾರಿಸಿದೆ. ಆದರೆ ಬಿಸಿನೀರಿನ ಸ್ನಾನ ಮಾಡಿದರೆ ಮತ್ತೆ ಎರಡೆರಡು ಕಾಣುತ್ತದೆ. ಇಷ್ಟು ಚಿಕ್ಕ ಕಲೆ ಇಷ್ಟೆಲ್ಲ ಮಾಡುವುದು ಹೇಗೆ? ಉಳಿದ ಏಳೆಂಟು ಯಾಕೆ ಏನೂ ಮಾಡಿಲ್ಲ? ಬ್ರೇನ್‌ಸ್ಟೆಮ್‌ಗೆ ಬಂದರೆ ಉಸಿರು ನಿಲ್ಲುತ್ತದೆ ಅಂತ ಯಾರೋ ಹೇಳಿದ್ದಾರೆ. ಅಮ್ಮ ರಾತ್ರಿ ಎದ್ದೆದ್ದು ಅವಳ ಉಸಿರು ನೋಡುತ್ತಾರೆ. ಮದುವೆ ಮಾತುಕತೆಯನ್ನೂ ನಿಲ್ಲಿಸಿದ್ದೇವೆ. — ಸಕಲೇಶಪುರದ ಓದುಗರು

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಒಂದು ಮಾತು ತಿಳಿಸಿ. ರಾತ್ರಿ ಎದ್ದು ಉಸಿರು ನೋಡುವ ಅಗತ್ಯ ಇಲ್ಲ. ಉಸಿರಾಟವನ್ನು ನಡೆಸುವ ಜಾಗ ಬ್ರೇನ್‌ಸ್ಟೆಮ್‌ನಲ್ಲೇ ಇದೆ, ಅದು ನಿಜ. ಆದರೆ ಎಂಎಸ್‌ನ ಕಲೆಯಿಂದ ಉಸಿರೇ ನಿಲ್ಲುವುದು ತೀರಾ ಅಪರೂಪ. ಎರಡು ತಿಂಗಳ ಹಿಂದೆ ಬಂದ, ಈಗ ಇಳಿಯುತ್ತಿರುವ ದಾಳಿಯಲ್ಲಿ ಆ ಭಯ ಬೇಡ. ಅಮ್ಮ ನಿದ್ದೆ ಮಾಡಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಲೆ ಚಿಕ್ಕದು, ತೊಂದರೆ ದೊಡ್ಡದು, ಯಾಕೆ?

ನೀವು ಸಕಲೇಶಪುರದವರು. ಗದ್ದೆಯ ಮಧ್ಯೆ ಒಂದು ಮರ ಬಿದ್ದರೆ ಊರಿಗೆ ಗೊತ್ತೂ ಆಗುವುದಿಲ್ಲ. ಅದೇ ಮರ ಶಿರಾಡಿ ಘಾಟಿಯಲ್ಲಿ ರಸ್ತೆಗೆ ಅಡ್ಡ ಬಿದ್ದರೆ? ಮಂಗಳೂರಿಂದ ಬರುವ ಗ್ಯಾಸ್ ಟ್ಯಾಂಕರ್, ಬೆಂಗಳೂರಿಂದ ಹೋಗುವ ರಾತ್ರಿ ಬಸ್ಸು, ಮೀನಿನ ಲಾರಿ, ಆಂಬುಲೆನ್ಸ್, ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಮರ ಅಷ್ಟೇ ದೊಡ್ಡದು, ಬಿದ್ದ ಜಾಗ ಬೇರೆ. ನಿಮ್ಮ ತಂಗಿಯ ಉಳಿದ ಏಳೆಂಟು ಕಲೆಗಳು ಗದ್ದೆಯಲ್ಲಿ ಬಿದ್ದ ಮರಗಳು. ಪಾನ್ಸ್‌ನದು ಘಾಟಿಯಲ್ಲಿ ಬಿದ್ದದ್ದು.

ಬ್ರೇನ್‌ಸ್ಟೆಮ್ ಅಂದರೆ ಮಿದುಳಿನ ಕಾಂಡ. ಮೇಲಿನ ದೊಡ್ಡ ಮಿದುಳನ್ನು ಕೆಳಗಿನ ಬೆನ್ನುಹುರಿಗೆ ಸೇರಿಸುವ ಭಾಗ. ನಿಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಅದು. ಮೇಲಿಂದ ಕೆಳಕ್ಕೆ ಮಿಡ್‌ಬ್ರೇನ್, ಪಾನ್ಸ್, ಮೆಡುಲ್ಲಾ ಎಂದು ಮೂರು ತುಂಡು ಮಾಡಿ ಹೆಸರಿಟ್ಟಿದ್ದಾರೆ. ಕೈಕಾಲಿಗೆ ಹೋಗುವ ಆಜ್ಞೆಗಳೆಲ್ಲ ಇದರೊಳಗಿಂದಲೇ ಇಳಿಯಬೇಕು. ಮೈಯಿಂದ ಬರುವ ಸುದ್ದಿಗಳೆಲ್ಲ ಇದರೊಳಗಿಂದಲೇ ಹತ್ತಬೇಕು. ಹಿಂದೆ ಇರುವ ಕಿರುಮಿದುಳಿಗೆ ಹೋಗಿಬರುವ ದಾರಿಯೂ ಇದೇ. ಇದು ಸಾಲದು ಎಂಬಂತೆ, ತಲೆಯಿಂದ ಹೊರಡುವ 12 ಜೊತೆ ನರಗಳಲ್ಲಿ 10 ಜೊತೆಯ ಬುಡ ಇಲ್ಲೇ ಇದೆ. ಕಣ್ಣು ತಿರುಗಿಸುವುದು, ಮುಖದ ಸ್ಪರ್ಶ, ನಗು, ಕಿವಿ ಮತ್ತು ಸಮತೋಲ, ನುಂಗುವುದು, ಮಾತಾಡುವುದು, ಎಲ್ಲವೂ ಆ ಹೆಬ್ಬೆರಳಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂತಿವೆ. ಅಲ್ಲಿ 6 ಮಿ.ಮೀ. ಎಂದರೆ ಚಿಕ್ಕದಲ್ಲ.

ಕಲೆ ಆಗುವುದು ಹೇಗೆ? ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಸುಮ್ನೆ ವೈರಿನ ಪ್ಲಾಸ್ಟಿಕ್ ಥರ ಅಂತ ಹೇಳಿಬಿಡುತ್ತಾರೆ, ನನಗೆ ಆ ಹೋಲಿಕೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಈ ಹೊದಿಕೆ ಉದ್ದಕ್ಕೂ ಒಂದೇ ಸಮ ಇಲ್ಲ. ಸ್ವಲ್ಪ ಸ್ವಲ್ಪ ದೂರಕ್ಕೆ ಬಿಡುವು ಇದೆ. ಹೊಳೆ ದಾಟುವಾಗ ನಾವು ಕಲ್ಲಿಂದ ಕಲ್ಲಿಗೆ ಹಾರಿ ಹೋಗುತ್ತೇವಲ್ಲ, ಹಾಗೆ ಸಂದೇಶ ಒಂದು ಬಿಡುವಿನಿಂದ ಇನ್ನೊಂದಕ್ಕೆ ಹಾರುತ್ತಾ ಓಡುತ್ತದೆ. ದಪ್ಪ ಹೊದಿಕೆಯ ತಂತುವಿನಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ಹತ್ತಿರಕ್ಕೆ ಹೋಗುತ್ತದೆ. ಹೊದಿಕೆ ಇಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ 1 ಮೀಟರ್ ಆಸುಪಾಸು. ಎಂಎಸ್‌ನಲ್ಲಿ ನಮ್ಮದೇ ರಕ್ಷಣಾ ಕಣಗಳು ದಾರಿ ತಪ್ಪಿ ಮಿದುಳಿನೊಳಗೆ ನುಗ್ಗಿ ಈ ಹೊದಿಕೆಯನ್ನು ಕಿತ್ತುಹಾಕುತ್ತವೆ. ಹಾರಲು ಇದ್ದ ಕಲ್ಲುಗಳ ನಡುವೆ ಅಂತರ ಕೆಟ್ಟುಹೋಗುತ್ತದೆ. ಸಂದೇಶ ನೀರಿಗಿಳಿದು ನಡೆಯಬೇಕು. ಕೆಲವು ಸಲ ದಡ ಸೇರುತ್ತದೆ, ತಡವಾಗಿ. ಕೆಲವು ಸಲ ಸೇರುವುದೇ ಇಲ್ಲ.

ಮಿದುಳು, ಬೆನ್ನುಹುರಿ, ಕಣ್ಣಿನ ನರ, ಈ ಮೂರಕ್ಕೆ ಮಾತ್ರ ಎಂಎಸ್ ಬರುತ್ತದೆ. ಕೈಕಾಲಿನ ನರಗಳ ಹೊದಿಕೆಯನ್ನು ಮಾಡುವ ಜೀವಕೋಶಗಳೇ ಬೇರೆ, ಅವುಗಳ ತಂಟೆಗೆ ಈ ರೋಗ ಹೋಗುವುದಿಲ್ಲ. ಕಾಲು ಜೋಮು ಹಿಡಿದಾಗ ರೋಗ ಕಾಲಿನಲ್ಲಿದೆ ಅಂತ ಎಣ್ಣೆ ತಿಕ್ಕಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ನಿಮ್ಮ ತಂಗಿಗೆ ಎರಡೆರಡು ಕಂಡದ್ದು ಯಾಕೆ ಅಂತ ಹತ್ತಿರದಿಂದ ನೋಡೋಣ. ಇದು ಎಂಎಸ್‌ನ ಬ್ರೇನ್‌ಸ್ಟೆಮ್ ದಾಳಿಯ ಹೆಗ್ಗುರುತು. ಪ್ರತಿ ಸಲ ನೋಡಿದಾಗಲೂ ನನಗೆ ಬೆರಗಾಗುತ್ತದೆ.

ನೀವು ಎಡಕ್ಕೆ ನೋಡುತ್ತೀರಿ ಅಂದುಕೊಳ್ಳಿ. ಎಡಗಣ್ಣು ಕಿವಿಯ ಕಡೆ ಹೋಗಬೇಕು, ಅದೇ ಕ್ಷಣಕ್ಕೆ ಬಲಗಣ್ಣು ಮೂಗಿನ ಕಡೆ ಬರಬೇಕು. ಎಡಗಣ್ಣಿಗೆ ಆಜ್ಞೆ ಕೊಡುವ ಜಾಗ ಪಾನ್ಸ್‌ನಲ್ಲಿದೆ. ಬಲಗಣ್ಣನ್ನು ಮೂಗಿನ ಕಡೆ ಎಳೆಯುವ ನರದ ಬುಡ ಅದಕ್ಕಿಂತ ಮೇಲೆ, ಮಿಡ್‌ಬ್ರೇನ್‌ನಲ್ಲಿದೆ. ಇವೆರಡರ ನಡುವೆ ಒಂದು ತೆಳ್ಳನೆ ಕೇಬಲ್ ಇದೆ. ‘ನಾನು ಎಡಕ್ಕೆ ಹೊರಟೆ, ನೀನೂ ಬಾ’ ಅಂತ ಕೆಳಗಿನದು ಮೇಲಿನದಕ್ಕೆ ಹೇಳುವುದು ಆ ಕೇಬಲ್‌ನಲ್ಲಿ. ಅದು ಮಿದುಳಿನ ನೀರು ತುಂಬಿದ ಕೋಣೆಯ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಎಂಎಸ್ ಕಲೆಗಳು ಇಂಥ ನೀರಿನ ಕೋಣೆಗಳ ಅಂಚನ್ನೇ ಜಾಸ್ತಿ ಹಿಡಿಯುತ್ತವೆ. ಹಾಗಾಗಿ ಈ ಕೇಬಲ್ ಪದೇ ಪದೇ ಸಿಕ್ಕಿಬೀಳುತ್ತದೆ.

ಒಬ್ಬ ಹುಡುಗಿ ನನ್ನ ಮುಂದೆ ಕೂತಿದ್ದಳು. ಬಲಗಡೆಯ ಆ ಕೇಬಲ್ ಕೆಟ್ಟಿತ್ತು. ನನ್ನ ಬೆರಳನ್ನು ಎಡಕ್ಕೆ ಒಯ್ದೆ. ಎಡಗಣ್ಣು ಬೆರಳಿನ ಜೊತೆ ಹೋಯಿತು, ಹೋಗಿ ತುದಿಯಲ್ಲಿ ಪಟಪಟ ಅದುರಿತು. ಬಲಗಣ್ಣು ನಟ್ಟ ನಡುವೆ ಬಂದು ನಿಂತುಬಿಟ್ಟಿತು. ‘ಈಗ ಎರಡು ಬೆರಳು ಡಾಕ್ಟ್ರೇ’ ಅಂದಳು. ಆಮೇಲೆ ಒಂದು ಪೆನ್ನನ್ನು ನಿಧಾನಕ್ಕೆ ಅವಳ ಮೂಗಿನ ತುದಿಗೆ ತಂದೆ. ನಿಂತುಬಿಟ್ಟಿದ್ದ ಅದೇ ಬಲಗಣ್ಣು ಸಲೀಸಾಗಿ ಒಳಗೆ ಬಂತು! ಅಂದರೆ ಕಣ್ಣಿನ ಸ್ನಾಯು ಸರಿ ಇದೆ, ಅದರ ನರವೂ ಸರಿ ಇದೆ. ಹತ್ತಿರದ್ದನ್ನು ನೋಡುವ ಆಜ್ಞೆ ಬೇರೆ ದಾರಿಯಿಂದ ಬರುತ್ತದೆ, ಆ ದಾರಿ ತೆರೆದಿದೆ. ಪಕ್ಕಕ್ಕೆ ನೋಡುವ ದಾರಿ ಮಾತ್ರ ಬಂದ್. ಒಂದು ಪೆನ್ನು, ಒಂದು ಬೆರಳು, ಒಂದು ನಿಮಿಷ. ಸ್ಕ್ಯಾನ್‌ಗೆ ಮೊದಲೇ ಜಾಗ ಗೊತ್ತಾಗುತ್ತದೆ. ವಯಸ್ಸಾದವರಲ್ಲಿ ಇದು ಕಂಡರೆ ಪಾರ್ಶ್ವವಾಯು ಇರಬಹುದೇ ಅಂತ ನೋಡುತ್ತೇವೆ. ಚಿಕ್ಕ ವಯಸ್ಸಿನವರಲ್ಲಿ, ಅದೂ ಎರಡೂ ಕಣ್ಣಿಗೆ ಹೀಗಾದರೆ, ಮೊದಲು ನೆನಪಾಗುವುದು ಎಂಎಸ್.

ಕೆನ್ನೆ ಜೋಮು ಆದದ್ದು ಮುಖದ ಸ್ಪರ್ಶದ ನರ ಪಾನ್ಸ್‌ಗೆ ಬಂದು ಸೇರುವ ಜಾಗದಿಂದ. ವಾಲಿದ್ದು ಕಿರುಮಿದುಳಿಗೆ ಹೋಗುವ ದಾರಿಯಿಂದ. ಮೂರೂ ತೊಂದರೆಗೆ ಒಂದೇ ಕಲೆ ಸಾಕು ಅಂತ ಈಗ ಗೊತ್ತಾಯಿತಲ್ವಾ? 1868ರಲ್ಲಿ ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯರು ಈ ರೋಗವನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ಬೇರೆಯಾಗಿ ಗುರುತಿಸಿದರು. ಸ್ಕ್ಯಾನ್ ಇಲ್ಲದ ಕಾಲ. ಅವರು ಹಿಡಿದ ಮೂರು ಗುರುತುಗಳು ಇವು: ಅದುರುವ ಕಣ್ಣು, ತುಂಡು ತುಂಡಾಗಿ ಬರುವ ಮಾತು, ಲೋಟ ಹಿಡಿಯಲು ಹೋದಾಗ ನಡುಗುವ ಕೈ. ಮೂರೂ ಈ ಕಾಂಡ ಮತ್ತು ಕಿರುಮಿದುಳಿನ ಸುತ್ತಮುತ್ತಲಿನವೇ.

ಬಿಸಿನೀರಿನ ವಿಷಯಕ್ಕೆ ಬರುತ್ತೇನೆ, ಇದರ ಬಗ್ಗೆ ಮನೆಯವರೆಲ್ಲ ತಿಳಿದಿರಬೇಕು. 1890ರಲ್ಲಿ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಒಂದು ಸಂಗತಿ ಬರೆದಿಟ್ಟರು. ಇಂಥ ರೋಗಿಗಳು ಜೋರಾಗಿ ನಡೆದು ದಣಿದರೆ ದೃಷ್ಟಿ ಮಂಜಾಗುತ್ತದೆ, ಕೂತು ಸುಧಾರಿಸಿಕೊಂಡರೆ ಸರಿಯಾಗುತ್ತದೆ. ಕಾರಣ ಮೈಯ ಬಿಸಿ ಎಂದು ಆಮೇಲೆ ತಿಳಿಯಿತು. ಹೊದಿಕೆ ತೆಳುವಾದ ತಂತು ಹೇಗೋ ಕಷ್ಟಪಟ್ಟು ಸಂದೇಶ ಸಾಗಿಸುತ್ತಿರುತ್ತದೆ. ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಅದು ಕೈಚೆಲ್ಲುತ್ತದೆ. ತಣ್ಣಗಾದರೆ ಮತ್ತೆ ಎತ್ತಿಕೊಳ್ಳುತ್ತದೆ. ಇದು ಹೊಸ ಕಲೆ ಅಲ್ಲ. ಹಳೆಯ ಕಲೆ ಹೆಚ್ಚಾದದ್ದೂ ಅಲ್ಲ. ಇದರಿಂದ ನರಕ್ಕೆ ಹೊಸ ಹಾನಿ ಆಗುವುದಿಲ್ಲ.

ಆದರೂ ಬಿದ್ದು ಪೆಟ್ಟು ಮಾಡಿಕೊಳ್ಳುವ ಅಪಾಯ ಇದೆಯಲ್ಲ. ಹಂಡೆ ನೀರಿನ ಅಭ್ಯಂಜನವನ್ನು ಸದ್ಯಕ್ಕೆ ಬಿಡಲಿ. ಉಗುರುಬೆಚ್ಚಗಿನ ನೀರಲ್ಲಿ, ಸ್ಟೂಲಿನ ಮೇಲೆ ಕೂತು, ಬಚ್ಚಲಿನ ಚಿಲಕ ಹಾಕದೆ ಸ್ನಾನ ಮಾಡಲಿ. ಒಲೆ ಮುಂದೆ ತುಂಬಾ ಹೊತ್ತು ನಿಲ್ಲುವ ಕೆಲಸ ಬೇರೆಯವರು ಮಾಡಲಿ. ಬಿಸಿಲಲ್ಲಿ ಹೋಗಿಬಂದರೆ ಕುತ್ತಿಗೆಗೆ ಒದ್ದೆ ಬಟ್ಟೆ, ಫ್ಯಾನು, ತಣ್ಣನೆ ಮಜ್ಜಿಗೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮೊದಲಿನಂತೆ ಆಗುತ್ತಾಳೆ.

ನಿಜವಾದ ಹೊಸ ದಾಳಿ ಹೇಗೆ ಗೊತ್ತಾಗುತ್ತದೆ? ಹೊಸ ತೊಂದರೆ, ಅಥವಾ ಹೋಗಿದ್ದ ತೊಂದರೆ ಮರಳಿ ಬಂದು 24 ಗಂಟೆಗೂ ಮೀರಿ ಬಿಡದೆ ನಿಂತಿದ್ದರೆ, ಜ್ವರ ಅಥವಾ ಸೋಂಕು ಇಲ್ಲದಿದ್ದರೆ, ಅದು ದಾಳಿ. ಆಗ ಕಾಯಬೇಡಿ. ಜ್ವರ ಇದ್ದರೆ ಮೊದಲು ಜ್ವರಕ್ಕೆ ಔಷಧಿ. ಹೆಣ್ಣುಮಕ್ಕಳಲ್ಲಿ ಮೂತ್ರದ ಸೋಂಕು ಸದ್ದಿಲ್ಲದೆ ಕೂತು ಹಳೆಯ ತೊಂದರೆಯನ್ನೆಲ್ಲ ಕೆದಕುವುದುಂಟು. ಮೂತ್ರ ಪರೀಕ್ಷೆ ಮಾಡಿಸದೆ ಮತ್ತೆ ಸ್ಟಿರಾಯ್ಡ್ ಹತ್ತಿಸುವುದು ಸರಿಯಲ್ಲ.

ಇನ್ನೆರಡು ತೊಂದರೆಗಳ ಮೇಲೆ ಕಣ್ಣಿಟ್ಟಿರಿ. ಒಂದು, ನುಂಗುವುದು. ನೀರು ಕುಡಿದಾಗ ಕೆಮ್ಮು ಬರುತ್ತಿದೆಯಾ, ಊಟದ ನಂತರ ದನಿ ಗೊರಗೊರ ಆಗುತ್ತಿದೆಯಾ ಅಂತ ಕೇಳಿ. ಜನ ಗಟ್ಟಿ ಆಹಾರವೇ ಕಷ್ಟ ಅಂದುಕೊಳ್ಳುತ್ತಾರೆ. ಇಂಥವರಿಗೆ ನೀರು, ಕಾಫಿ, ತಿಳಿಸಾರು ಜಾಸ್ತಿ ತೊಂದರೆ ಕೊಡುತ್ತವೆ. ಗಂಟಲು ಸಾವರಿಸಿಕೊಳ್ಳುವ ಮೊದಲೇ ಜಾರಿ ಶ್ವಾಸನಾಳಕ್ಕೆ ಹೋಗುತ್ತವೆ. ಗಟ್ಟಿ ಗಂಜಿ, ರಾಗಿ ಸರಿ ಸುಲಭ. ಹಾಗೇನಾದರೂ ಇದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವ ಪರೀಕ್ಷೆ ಮಾಡಿಸಿ. ಇನ್ನೊಂದು, ಮುಖದಲ್ಲಿ ಶಾಕ್ ಹೊಡೆದಂಥ ನೋವು. ಹಲ್ಲುಜ್ಜುವಾಗ, ಮುಖ ತೊಳೆಯುವಾಗ, ಗಾಳಿ ತಾಗಿದಾಗ ಒಂದೆರಡು ಸೆಕೆಂಡು ಕರೆಂಟ್ ಹರಿದ ಹಾಗೆ. ಹಲ್ಲುನೋವು ಅಂತ ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಅದಕ್ಕೆ ಕಾರ್ಬಮಜೆಪಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಮೇಲೆ ದದ್ದು ಎದ್ದರೆ ಮಾತ್ರ ಅಂದೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನೀವು ಕೇಳದೇ ಇದ್ದ ಒಂದು ವಿಷಯ ಹೇಳಬೇಕು. ನನ್ನ ದೃಷ್ಟಿಯಲ್ಲಿ ಈ ಉತ್ತರದ ಬಹಳ ಮುಖ್ಯ ಭಾಗ ಇದೇ. ಎಂಎಸ್ ಅಂತ ಮುದ್ರೆ ಒತ್ತುವ ಮೊದಲು ಅದನ್ನೇ ಹೋಲುವ ಎರಡು ರೋಗಗಳನ್ನು ರಕ್ತ ಪರೀಕ್ಷೆಯಿಂದ ದೂರ ಮಾಡಿದ್ದಾರಾ ನೋಡಿ. ಒಂದರ ಹೆಸರು ಎನ್‌ಎಂಒ (ನ್ಯೂರೋಮಯಲೈಟಿಸ್ ಆಪ್ಟಿಕಾ), ಇನ್ನೊಂದು ಮಾಗ್ (MOG) ರೋಗ, ಅಂದರೆ ಮಯಲಿನ್ ಹೊದಿಕೆಯದೇ ಒಂದು ಪ್ರೋಟೀನಿನ ವಿರುದ್ಧ ಆಂಟಿಬಾಡಿ ಇರುವ ರೋಗ. ಎನ್‌ಎಂಒ ಇರುವ ಹೆಚ್ಚಿನವರಲ್ಲಿ ಅಕ್ವಾಪೊರಿನ್-4 ಎಂಬ ಪ್ರೋಟೀನಿನ ವಿರುದ್ಧ ಆಂಟಿಬಾಡಿ ಇರುತ್ತದೆ. ಈ ಆಂಟಿಬಾಡಿ ಪತ್ತೆಯಾದದ್ದು 2004ರಲ್ಲಿ. ಯುರೋಪಿನವರಿಗಿಂತ ನಮ್ಮಲ್ಲಿ, ಎಂಎಸ್‌ನ ಪಕ್ಕದಲ್ಲಿಟ್ಟು ನೋಡಿದರೆ, ಎನ್‌ಎಂಒ ಪಾಲು ಜಾಸ್ತಿ. ಮಂಗಳೂರಿನಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಜನರಿಗೆ ಎಂಎಸ್ ಕಂಡುಬಂದರೆ, ಎನ್‌ಎಂಒ ಎರಡೂವರೆಯ ಆಸುಪಾಸಿನಲ್ಲಿತ್ತು.

ಎನ್‌ಎಂಒ ಕೂಡ ಬ್ರೇನ್‌ಸ್ಟೆಮ್ ಹಿಡಿಯುತ್ತದೆ. ಆದರೆ ಅದಕ್ಕೆ ಇಷ್ಟವಾದ ಜಾಗ ಮೆಡುಲ್ಲಾದ ಹಿಂಭಾಗ, ವಾಂತಿಯನ್ನು ನಡೆಸುವ ಜಾಗ. ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ಏನು ಕೊಟ್ಟರೂ ನಿಲ್ಲದ ವಾಂತಿ. ಗ್ಯಾಸ್ಟ್ರಿಕ್ ಅಂತ ಎಂಡೋಸ್ಕೋಪಿ ಮಾಡಿಸಿ, ಏನೂ ಸಿಗದೆ, ತಿಂಗಳ ನಂತರ ಕಾಲು ಸ್ವಾಧೀನ ತಪ್ಪಿದಾಗ ನರರೋಗ ತಜ್ಞರ ಹತ್ತಿರ ಬರುತ್ತಾರೆ. ನಿಮ್ಮ ತಂಗಿಗೆ ಹಿಂದೆ ಯಾವಾಗಲಾದರೂ ಹೀಗೆ ಆಗಿತ್ತಾ ಅಂತ ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಿ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್‌ನಂಥ ಔಷಧಿಗಳು ಎನ್‌ಎಂಒ ಇರುವವರಿಗೆ ಕೆಟ್ಟದ್ದನ್ನೇ ಮಾಡಬಹುದು. ಪರೀಕ್ಷೆ ಮಾಡಿಸುವಾಗ ‘ಸೆಲ್ ಬೇಸ್ಡ್ ಅಸ್ಸೇ’ ವಿಧಾನದ್ದೇ ಬೇಕು ಅಂತ ಕೇಳಿ, ಅದು ಹೆಚ್ಚು ನಂಬಿಕೆಗೆ ಅರ್ಹ. ವರದಿ ಈಗಾಗಲೇ ಇದ್ದರೆ ಒಳ್ಳೆಯದು.

ಮುಂದೆ ಏನು? ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎಂಎಸ್ ಇರುವವರಲ್ಲಿ ನೂರಕ್ಕೆ 85ರಷ್ಟು ಜನರಿಗೆ ರೋಗ ಬರುವುದು, ಇಳಿಯುವುದು, ಮತ್ತೆ ಬರುವುದು, ಈ ರೀತಿ ಶುರುವಾಗುತ್ತದೆ. ಮೊದಲ ದಾಳಿಯಿಂದ ಸಾಮಾನ್ಯವಾಗಿ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ಊತ ಇಳಿಯುತ್ತದೆ, ಹೊದಿಕೆ ಸ್ವಲ್ಪ ಮಟ್ಟಿಗೆ ಮರಳಿ ಬೆಳೆಯುತ್ತದೆ, ಮೊದಲಿಗಿಂತ ತೆಳ್ಳಗೆ. ಆದರೆ ಹೊದಿಕೆಯ ಜೊತೆ ತಂತುವೇ ತುಂಡಾದರೆ ಅದು ಮರಳಿ ಬರುವುದಿಲ್ಲ. ಪ್ರತಿ ದಾಳಿಯಲ್ಲೂ ಒಂದಷ್ಟು ತಂತುಗಳು ಹೋಗುತ್ತವೆ. ಮೊದಲ ಸ್ಕ್ಯಾನ್‌ನಲ್ಲೇ ಬ್ರೇನ್‌ಸ್ಟೆಮ್‌ನಲ್ಲಿ ಕಲೆ ಇದ್ದವರಿಗೆ ಮುಂದೆ ಅಂಗವಿಕಲತೆಯ ಸಾಧ್ಯತೆ ಸ್ವಲ್ಪ ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ. ಅವಳಿಗೆ ದಾಳಿ ತಡೆಯುವ ಔಷಧಿ ಬೇಗ ಶುರುವಾಗಬೇಕು, ‘ಈಗ ಆರಾಮಿದ್ದಾಳಲ್ಲ’ ಅಂತ ಮುಂದೂಡಬಾರದು ಅನ್ನುವುದಕ್ಕೆ ಹೇಳುತ್ತಿದ್ದೇನೆ.

ಸ್ಟಿರಾಯ್ಡ್ ಆ ಔಷಧಿ ಅಲ್ಲ. ಅದು ಬಂದ ದಾಳಿಯನ್ನು ಬೇಗ ಇಳಿಸುತ್ತದೆ, ಮುಂದಿನದನ್ನು ತಡೆಯುವುದಿಲ್ಲ. ತಡೆಯುವ ಔಷಧಿಗಳು ಬೇರೆ. ಅಮೆರಿಕದಲ್ಲಿ ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ, ಈಗ ಮಾತ್ರೆ, ಚುಚ್ಚುಮದ್ದು, ಆರು ತಿಂಗಳಿಗೊಮ್ಮೆ ಡ್ರಿಪ್ ಅಂತ ಹತ್ತಾರು ಇವೆ. ಯಾವುದು ಸರಿ ಅನ್ನುವುದನ್ನು ಅವಳನ್ನು ನೋಡುವ ವೈದ್ಯರೇ ನಿರ್ಧರಿಸಬೇಕು. ಜೋರಿನ ಔಷಧಿ ಶುರು ಮಾಡುವ ಮೊದಲು ಕ್ಷಯ ಮತ್ತು ಹೆಪಟೈಟಿಸ್-ಬಿ ಪರೀಕ್ಷೆ ನಮ್ಮ ದೇಶದಲ್ಲಿ ತಪ್ಪಿಸಲೇಬಾರದು.

ಮದುವೆ ಬಗ್ಗೆ. ಎಂಎಸ್ ಇರುವವರು ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು. ಗರ್ಭಿಣಿಯಾದಾಗ, ಅದರಲ್ಲೂ ಕೊನೆಯ ಮೂರು ತಿಂಗಳು, ದಾಳಿಗಳು ಕಡಿಮೆಯಾಗುತ್ತವೆ. ಬಾಣಂತನದ ಮೊದಲ ಮೂರು ತಿಂಗಳು ಸ್ವಲ್ಪ ಜಾಸ್ತಿಯಾಗುತ್ತವೆ, ಆಗ ಎಚ್ಚರ ಬೇಕು. ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರರಷ್ಟು ಮಾತ್ರ. ಆದರೆ ಟೆರಿಫ್ಲುನೊಮೈಡ್‌ನಂಥ ಕೆಲವು ಮಾತ್ರೆಗಳು ಬಸಿರಿನಲ್ಲಿ ಕೂಡದು. ಮಗು ಬೇಕೆಂಬ ಯೋಚನೆ ಇದ್ದರೆ ಔಷಧಿ ಆರಿಸುವ ಮೊದಲೇ ವೈದ್ಯರಿಗೆ ಹೇಳಲಿ. ಮಾತುಕತೆ ನಿಲ್ಲಿಸುವ ನಿರ್ಧಾರ ಅವಳದಾ, ಮನೆಯವರದಾ ಅಂತ ನೀವು ಬರೆದಿಲ್ಲ. ಅವಳನ್ನು ಕೇಳಿ. ಮುಂದುವರಿಸುವುದಾದರೆ ಹುಡುಗನ ಕಡೆಯವರಿಗೆ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟು ಮದುವೆಯಾದ ಹುಡುಗಿಯರು ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಕೆಲವರು ನುಂಗುವುದನ್ನೇ ಬಿಟ್ಟುಬಿಡುತ್ತಾರೆ.

ಕೆಲಸದ ಬಗ್ಗೆ ಒಂದು ಮಾತು. ಕಣ್ಣು ಪೂರ್ತಿ ಸರಿಹೋಗುವವರೆಗೆ ಸ್ಕೂಟರ್ ಬೇಡ. ಎರಡೆರಡು ಕಾಣುವಾಗ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಒಂದೇ ಕಾಣುತ್ತದೆ, ತಾತ್ಕಾಲಿಕವಾಗಿ ಅಷ್ಟು ಸಾಕು. ಶಾಲೆಗೆ ಮರಳಿದ ಮೇಲೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅವಳಿಗೆ ಸುಸ್ತು ಹೊಡೆಯಬಹುದು. ಇದು ನಿದ್ದೆಗೆಟ್ಟ ಸುಸ್ತಲ್ಲ. ಹೊದಿಕೆ ಹೋದ ತಂತುಗಳಲ್ಲಿ ಅದೇ ಕೆಲಸಕ್ಕೆ ಮಿದುಳು ಜಾಸ್ತಿ ದುಡಿಯಬೇಕಾದ ಸುಸ್ತು. ಹೊರಗೆ ಏನೂ ಕಾಣುವುದಿಲ್ಲ, ಹಾಗಾಗಿ ಮನೆಯಲ್ಲೂ ಶಾಲೆಯಲ್ಲೂ ಸೋಮಾರಿತನ ಅನ್ನುತ್ತಾರೆ. ಆ ಮಾತು ಅವಳ ಕಿವಿಗೆ ಬೀಳದ ಹಾಗೆ ಅಣ್ಣನಾಗಿ ನೀವು ನೋಡಿಕೊಳ್ಳಿ. ಕಷ್ಟದ ಪಾಠಗಳನ್ನು ಬೆಳಗಿನ ಪೀರಿಯಡ್‌ಗೆ ಹಾಕಿಸಿಕೊಳ್ಳಲಿ, ಕೂತು ಪಾಠ ಮಾಡಲು ಹೆಡ್‌ಮಾಸ್ಟರ ಹತ್ತಿರ ಕೇಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಸ್ಥಿತಿಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಮುಂದೆ ತೊಂದರೆ ಉಳಿದುಬಿಟ್ಟರೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ಬೆಂಗಳೂರಿನಲ್ಲಿದೆ. ಇದೇ ದಾರಿಯಲ್ಲಿ ಹತ್ತಿಪ್ಪತ್ತು ವರ್ಷ ನಡೆದವರು ಅಲ್ಲಿ ಮಾತಿಗೆ ಸಿಗುತ್ತಾರೆ.

ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಎಂಆರ್‌ಐ ವರದಿ ಮಾತ್ರ ಒಯ್ಯಬೇಡಿ, ಸಿಡಿ ಕೂಡ ಒಯ್ಯಿರಿ. ಬೆನ್ನುಹುರಿಯ ಸ್ಕ್ಯಾನ್ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಮೊದಲ ದಿನದಿಂದ ಇಂದಿನವರೆಗೆ ಯಾವ ತೊಂದರೆ ಯಾವಾಗ ಬಂತು, ಯಾವಾಗ ಹೋಯಿತು ಅಂತ ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆಸಿ. ಅವಳು ಟೀಚರ್, ಅಚ್ಚುಕಟ್ಟಾಗಿ ಬರೆಯುತ್ತಾಳೆ.